ತಲೆ ನವೆ, ಮೈ ತುರಿಕೆ: ಹಚ್ಚುವ ಮುಂಚೆ ದೋಷ ಹುಡುಕಿ

ಹೋದ ವರ್ಷ ನಾಲ್ಕು ತಿಂಗಳು ನನ್ನ ತಲೆ ನವೆ ನಿಲ್ಲಲೇ ಇಲ್ಲ. ಪಾಂಡವಪುರದ ಹತ್ತಿರ ಊರಲ್ಲಿರುವ ಅಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು: "ಅದು ಉಷ್ಣ ಕಣೋ, ಹರಳೆಣ್ಣೆ ತಟ್ಕೊಂಡು ತಲೆಗೆ ನೀರು ಹಾಕ್ಕೊ." ಹೆಂಡತಿ ಬೋರ್ ನೀರೇ ಕಾರಣ ಅಂದಳು. ನಾವು ಮೈಸೂರಿನಲ್ಲಿ ಕಾವೇರಿ ನೀರು ಬರುವ ಕುವೆಂಪುನಗರ ಬಿಟ್ಟು ರಿಂಗ್ ರೋಡಿನ ಆಚೆಯ ಬಡಾವಣೆಗೆ ಬಂದು ಆಗಿನ್ನೂ ಆರು ತಿಂಗಳಾಗಿತ್ತು. ಕಟಿಂಗ್ ಶಾಪಿನವನು "ಶಾಂಪೂ ಬದಲಾಯಿಸಿ ಸಾರ್" ಅಂದ. ಆಫೀಸಿನಲ್ಲಿ ಒಬ್ಬರು ನಿಂಬೆರಸ ಅಂದರು, ಇನ್ನೊಬ್ಬರು ಹುಳಿ ಮೊಸರು. ನಾನು ಎಲ್ಲವನ್ನೂ ಮಾಡಿದೆ. ನಿಂಬೆರಸ ಹಚ್ಚಿದ ದಿನ, ಕೆರೆದು ಗಾಯವಾಗಿದ್ದ ಜಾಗ ಉರಿದ ಉರಿಗೆ ಬಚ್ಚಲಲ್ಲೇ ಕುಣಿದೆ.

ಕೊನೆಗೆ ನೋಡಿದರೆ ದೋಷ ಒಂದಲ್ಲ, ಎರಡಿತ್ತು. ಎರಡನ್ನೂ ಬಿಡಿಸಿ ತೋರಿಸಿದ್ದು ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್. ಆ ವಿಷಯ ಆಮೇಲೆ.

ನಾನು ಡಾಕ್ಟರಲ್ಲ. ಚರ್ಮದ ಡಾಕ್ಟರನ್ನು ಕೇಳಿ, ಓದಿ, ಮನೆಯವರ ಮೈಮೇಲೆ ಬಂದದ್ದನ್ನೆಲ್ಲ ನೋಡಿ ಕಲಿತದ್ದು ಇದು. ಮನೆಯಲ್ಲಿ ಎಲ್ಲಿಯವರೆಗೆ ಪತ್ತೆ ಮಾಡಬಹುದು, ಎಲ್ಲಿ ಕೈಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು ಅನ್ನುವಷ್ಟೇ ಇಲ್ಲಿದೆ.

ಮೊದಲ ಕೆಲಸ: ಎಲ್ಲ ನಿಲ್ಲಿಸಿ

ಪಂಪ್‌ಸೆಟ್ ಓಡದೇ ಇದ್ದಾಗ ಫ್ಯೂಸ್, ಸ್ಟಾರ್ಟರ್, ಫುಟ್‌ವಾಲ್ವ್ ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ. ಚರ್ಮವೂ ಹಾಗೇ. ಒಂದು ವಾರ ನಿಂಬೆ, ಬೆಳ್ಳುಳ್ಳಿ, ಮೆಂತ್ಯ, ಬೇವಿನ ಅರೆತ, ಹೊಸ ಎಣ್ಣೆ, ಡೈ, ಸೆಂಟು, ಯಾರೋ ಕೊಟ್ಟ ಟ್ಯೂಬು, ಎಲ್ಲವನ್ನೂ ಬದಿಗಿಡಿ. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳಬಹುದು. ಅಂದರೆ ಮದ್ದೇ ಎರಡನೇ ಕಾಯಿಲೆ ಆಗಿ ಕೂರುತ್ತದೆ, ಮೊದಲನೆಯದು ಅದರ ಕೆಳಗೆ ಅಡಗುತ್ತದೆ. ಡಾಕ್ಟರ್ ಬರೆದುಕೊಟ್ಟ ಔಷಧಿಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಆ ವಾರದಲ್ಲಿ ನಾಲ್ಕು ವಿಷಯ ಗಮನಿಸಿ. ಎಲ್ಲಿ ಶುರುವಾಯಿತು? ಈಗ ಎಲ್ಲೆಲ್ಲಿದೆ ಅನ್ನುವುದಕ್ಕಿಂತ ಮೊದಲು ಎಲ್ಲಿತ್ತು ಅನ್ನುವುದು ಮುಖ್ಯ. ಯಾವ ಹೊತ್ತಿನಲ್ಲಿ ಜಾಸ್ತಿ? ಮನೆಯಲ್ಲಿ ಇನ್ಯಾರಿಗಾದರೂ ಇದೆಯಾ? ಇತ್ತೀಚೆಗೆ ಹೊಸದಾಗಿ ಬಂದದ್ದು ಏನು, ಸೋಪು, ಒಡವೆ, ಮಾತ್ರೆ, ಮನೆ, ಕೆಲಸ? ಕೆಂಪಾಗಿದ್ದಾಗಲೇ ಫೋನಿನಲ್ಲಿ ಫೋಟೋ ತೆಗೆದಿಡಿ. ಡಾಕ್ಟರ ಮುಂದೆ ಕೂತ ದಿನವೇ ಅದು ಮಾಯವಾಗಿರುತ್ತದೆ, ಮೆಕ್ಯಾನಿಕ್ ಮುಂದೆ ಗಾಡಿಯ ಸದ್ದು ನಿಲ್ಲುವ ಹಾಗೆ.

ತಲೆ ಮಾತ್ರ ನವೆ ಇದ್ದರೆ

ಕಪ್ಪು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ತಲೆ ಬಾಚಿ. ಪುಡಿ ಉದುರಿದರೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ಸ್ವಲ್ಪ ಹಳದಿ, ಜಿಡ್ಡು ಜಿಡ್ಡಾಗಿ ಅಂಟಿದರೆ ಅದು ಹೊಟ್ಟು. ಹುಬ್ಬಿನ ಸಂದಿ, ಮೂಗಿನ ಪಕ್ಕ, ಕಿವಿಯ ಹಿಂದೆ ಕೂಡ ಕೆಂಪಗೆ ಸಿಪ್ಪೆ ಎದ್ದಿದ್ದರೆ ಅನುಮಾನವೇ ಬೇಡ. ಒಣಗಿದ ಸಣ್ಣ ಬಿಳಿ ಪುಡಿ, ಅದೂ ಚಳಿಗಾಲದಲ್ಲಿ ಮಾತ್ರ, ಕೆಂಪು ಇಲ್ಲ ಅಂದರೆ ಚರ್ಮ ಒಣಗಿದೆ ಅಷ್ಟೆ.

ಇವೆರಡಕ್ಕೂ ನಾವು ಮಾಡುವುದು ಒಂದೇ: ಎಣ್ಣೆ. ಒಣ ಚರ್ಮಕ್ಕೆ ಅದು ಸರಿ. ಹೊಟ್ಟಿಗೆ ತದ್ವಿರುದ್ಧ. ಹೊಟ್ಟಿನ ಹಿಂದೆ ಇರುವುದು ಮಲಸೀಜಿಯಾ ಅನ್ನುವ ಫಂಗಸ್. ಅದು ಎಲ್ಲರ ತಲೆಯಲ್ಲೂ ಇರುತ್ತದೆ, ಚರ್ಮದ ಜಿಡ್ಡನ್ನು ತಿಂದು ಬದುಕುತ್ತದೆ. ರಾತ್ರಿಯಿಡೀ ಎಣ್ಣೆ ಹಾಕಿಕೊಂಡು ಮಲಗುವುದು ಅಂದರೆ ಅದಕ್ಕೆ ಎಲೆ ಹಾಕಿ ಬಡಿಸಿದ ಹಾಗೆ. ಅಮ್ಮನ ಮುಂದೆ ಈ ಮಾತು ಆಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಎಣ್ಣೆ ನೀರು ಬಿಡಲು ಆಗುವುದೇ ಇಲ್ಲ ಅನ್ನುವವರು, ಅರ್ಧ ಗಂಟೆಯಲ್ಲಿ ಸೀಗೆಕಾಯಿ ಚಿಗರೆಪುಡಿ ಹಾಕಿ ಜಿಡ್ಡು ಪೂರ್ತಿ ಹೋಗುವ ಹಾಗೆ ತೊಳೆದುಕೊಳ್ಳಿ.

ಹೊಟ್ಟಿಗೆ ಶೇಕಡಾ 2ರ ಕೀಟೋಕೊನಜೋಲ್ ಶಾಂಪೂ ಕೆಲಸ ಮಾಡುತ್ತದೆ. ಆದರೆ ಬಹಳ ಜನ ಅದನ್ನು ಮಾಮೂಲಿ ಶಾಂಪೂ ಥರ ಹಚ್ಚಿ ತಕ್ಷಣ ತೊಳೆದು, "ಏನೂ ಆಗಲಿಲ್ಲ" ಅನ್ನುತ್ತಾರೆ. ಕೂದಲಿಗಲ್ಲ, ಬುಡದ ಚರ್ಮಕ್ಕೆ ಹಚ್ಚಬೇಕು. 3ರಿಂದ 5 ನಿಮಿಷ ಬಿಡಬೇಕು. ವಾರಕ್ಕೆ ಎರಡು ಸಲ, 2ರಿಂದ 4 ವಾರ. ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ. ಪೂರ್ತಿ ನಿಲ್ಲಿಸಿದರೆ ತಿರುಗಿ ಬರುತ್ತದೆ. ಫಂಗಸ್ ಬಾಡಿಗೆಗೆ ಇರುವವನಂತೆ ಅಲ್ಲೇ ಇರುತ್ತದೆ, ನಾವು ಗಲಾಟೆ ಕಡಿಮೆ ಮಾಡಿಸಬಹುದು ಅಷ್ಟೆ.

ನಾಲ್ಕು ವಾರ ಸರಿಯಾಗಿ ಮಾಡಿದರೂ ಕಡಿಮೆಯಾಗಲಿಲ್ಲವಾ? ಆಗ ಹಣೆಯ ಅಂಚು ನೋಡಿ. ದಪ್ಪ, ಬೆಳ್ಳಿ ಬಣ್ಣದ ಪೊರೆ ಕೂದಲಿನ ಗಡಿ ದಾಟಿ ಹಣೆಗೆ ಬಂದಿದೆಯಾ? ಮೊಣಕೈ, ಮಂಡಿಯಲ್ಲೂ ಹಾಗೇ ಇದೆಯಾ? ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿ ಇವೆಯಾ? ಹಾಗಿದ್ದರೆ ಸೋರಿಯಾಸಿಸ್ ಇರಬಹುದು. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಅದರ ಚಿಕಿತ್ಸೆಯೇ ಬೇರೆ, ಡಾಕ್ಟರೇ ಬೇಕು.

ಹೆಕ್ಕತ್ತು ಮತ್ತು ಕಿವಿಯ ಹಿಂದೆ ಜಾಸ್ತಿ ಕೆರೆತ, ಮನೆಯಲ್ಲಿ ಸ್ಕೂಲಿಗೆ ಹೋಗುವ ಮಗು ಇದೆ ಅಂದರೆ ಹೇನು. ಸೀರು ಮತ್ತು ಹೊಟ್ಟು ಎರಡೂ ಬಿಳಿ, ಗೊಂದಲ ಸಹಜ. ಹೊಟ್ಟನ್ನು ಊದಿದರೆ ಹಾರುತ್ತದೆ. ಸೀರು ಕೂದಲಿಗೆ ಅಂಟಿಕೊಂಡಿರುತ್ತದೆ, ಎಳೆದರೂ ಜಾರುವುದಿಲ್ಲ. ಬುಡದಿಂದ ಒಂದು ಸೆಂಟಿಮೀಟರ್ ಒಳಗಿದ್ದರೆ ಜೀವ ಇರುವ ಸೀರು. ದೂರ ಇದ್ದರೆ ಸಾಮಾನ್ಯವಾಗಿ ಖಾಲಿ ಚಿಪ್ಪು. ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ತೊಳೆದ ತೇವದ ಕೂದಲಿಗೆ ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ಸೀರಣಿಗೆಯಲ್ಲಿ ಬಾಚಬೇಕು. ಸುಮಾರು 9 ದಿನದ ಮೇಲೆ ಮತ್ತೆ ಹಚ್ಚಲೇಬೇಕು, ಯಾಕೆಂದರೆ ಮೊದಲ ಸಲ ಉಳಿದ ಸೀರು ಆ ಹೊತ್ತಿಗೆ ಒಡೆದು ಮರಿ ಬಂದಿರುತ್ತದೆ. ಸೀಮೆಎಣ್ಣೆ ಬೇಡವೇ ಬೇಡ. ಗದ್ದೆಗೆ ಹೊಡೆಯುವ ಔಷಧಿಯನ್ನು ಮಕ್ಕಳ ತಲೆಗೆ ಹಾಕುವವರು ಇದ್ದಾರೆ. ಅದು ವಿಷ, ಚರ್ಮದ ಮೂಲಕ ಒಳಗೆ ಹೋಗುತ್ತದೆ.

ಮಗುವಿನ ತಲೆಯಲ್ಲಿ ಒಂದು ಕಡೆ ಕೂದಲು ಮುರಿದು ಬೋಳಾಗಿ, ಪುಡಿ ಎದ್ದಿದ್ದರೆ ಅದು ತಲೆಯ ಹುಳುಕಡ್ಡಿ ಇರಬಹುದು. ಮುಲಾಮು ಕೂದಲಿನ ಬೇರಿಗೆ ಇಳಿಯುವುದಿಲ್ಲ. ಮಾತ್ರೆ ಬೇಕು, ಅದನ್ನು ಡಾಕ್ಟರ್ ಬರೆಯಬೇಕು.

ನೀರಿನ ಮೇಲೆ ಅನುಮಾನ ಇದ್ದರೆ

ಬಾಟಲಿಯಲ್ಲಿ ಅರ್ಧ ಬೋರ್ ನೀರು, ಇನ್ನೊಂದರಲ್ಲಿ ಅರ್ಧ ಆರ್.ಓ. ಫಿಲ್ಟರ್ ನೀರು ಹಿಡಿಯಿರಿ. ಎರಡಕ್ಕೂ ಒಂದೇ ಸೋಪಿನ ಚೂರು ಹೆರೆದು ಹಾಕಿ ಕುಲುಕಿ. ಫಿಲ್ಟರ್ ನೀರಿನಲ್ಲಿ ನೊರೆ ಎದ್ದು, ಬೋರ್ ನೀರಿನಲ್ಲಿ ಮೊಸರು ಒಡೆದ ಹಾಗೆ ಬಿಳಿ ಜಿಡ್ಡು ತೇಲಿದರೆ ನಿಮ್ಮದು ಗಡಸು ನೀರು. ಆ ಜಿಡ್ಡೇ ಚರ್ಮದ ಮೇಲೂ ಕೂರುತ್ತದೆ, ಒಣಗಿಸುತ್ತದೆ, ನವೆ ಜಾಸ್ತಿ ಮಾಡುತ್ತದೆ. ಸೀಗೆಕಾಯಿ, ಅಂಟುವಾಳಕ್ಕೆ ಈ ತೊಂದರೆ ಇಲ್ಲ. ಆದರೆ ನೀರು ಹೊಟ್ಟನ್ನಾಗಲೀ ಹುಳುಕಡ್ಡಿಯನ್ನಾಗಲೀ ಹುಟ್ಟಿಸುವುದಿಲ್ಲ. ನಮ್ಮನೆ ನೀರು ಗಡಸು ಹೌದು. ಹೆಂಡತಿ ಹೇಳಿದ್ದರಲ್ಲಿ ಅಷ್ಟು ನಿಜ ಇತ್ತು.

ಮೈಮೇಲೆ ಉಂಗುರದ ಹಾಗೆ ಎದ್ದಿದ್ದರೆ

ತೊಡೆಸಂದು, ಸೊಂಟ, ಕಂಕುಳಲ್ಲಿ ದುಂಡಗೆ, ಅಂಚು ಕೆಂಪಗೆ ಉಬ್ಬಿ ನಡುವೆ ಸ್ವಲ್ಪ ಮಾಸಿದ್ದರೆ ಅದು ಹುಳುಕಡ್ಡಿ. ಕೆಲವರು ಗಜಕರ್ಣ ಅನ್ನುತ್ತಾರೆ. ಹೆಸರಲ್ಲಿ ಹುಳು ಇದ್ದರೂ ಇದು ಫಂಗಸ್. ಮದ್ದೂರು ಕಡೆ ಇರುವ ನಮ್ಮ ಭಾವನಿಗೆ ಇದು ಎಂಟು ತಿಂಗಳು ಇತ್ತು. ದಿನವೆಲ್ಲ ಗದ್ದೆಯ ಕೆಸರು, ಒದ್ದೆ ಚಡ್ಡಿ, ಬೆವರು.

ಭಾವ ಸುಮ್ಮನೆ ಕೂತಿರಲಿಲ್ಲ. ಊರಿನ ಮೆಡಿಕಲ್ ಶಾಪಲ್ಲಿ ಕೈಗೆ ಬಂದ ಟ್ಯೂಬು ತಂದು ಹಚ್ಚಿದರು. ಮೂರು ದಿನದಲ್ಲಿ ತುರಿಕೆ ಮಾಯ! ನಿಲ್ಲಿಸಿದ ವಾರದಲ್ಲಿ ಮತ್ತೆ ಬಂತು, ಎರಡರಷ್ಟಾಗಿ. ಮತ್ತೆ ಅದೇ ಟ್ಯೂಬು. ಒಂದು ಉಂಗುರ ಹತ್ತಾಯಿತು. "ಆ ಮುಲಾಮು ಬಹಳ ಪವರ್, ಹಚ್ಚಿದ ತಕ್ಷಣ ಗುಣ" ಅಂತ ನನಗೂ ಒಂದು ಕೊಟ್ಟಿದ್ದರು ಪುಣ್ಯಾತ್ಮರು.

ಗುಣ ಅಲ್ಲ ಅದು. ಆ ಟ್ಯೂಬಿನಲ್ಲಿ ಫಂಗಸ್ ಔಷಧಿಯ ಜೊತೆಗೆ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ತುರಿಕೆ ಮತ್ತು ಕೆಂಪನ್ನು ಅಡಗಿಸುತ್ತದೆ. ಜೊತೆಗೆ ಫಂಗಸ್ಸನ್ನು ತಡೆಯುವ ಮೈಯ ಕಾವಲನ್ನೂ ಮಲಗಿಸುತ್ತದೆ. ಗಂಟೆ ಬಾರಿಸುತ್ತಿದೆ ಅಂತ ಗಂಟೆಯ ತಂತಿ ಕಿತ್ತರೆ ಕಳ್ಳ ಹೋಗುತ್ತಾನಾ? ಒಳಗೊಳಗೇ ಫಂಗಸ್ ಹರಡುತ್ತದೆ. ಉಂಗುರದ ಆಕಾರವೂ ಕೆಡುವುದರಿಂದ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ. ಚರ್ಮ ತೆಳುವಾಗಿ, ತೊಡೆಯಲ್ಲಿ ಹೆರಿಗೆಯ ಗೆರೆಯಂಥ ಬಿರುಕು ಬೀಳುತ್ತದೆ. ಆ ಗೆರೆ ಮಾತ್ರ ಮತ್ತೆ ಹೋಗುವುದಿಲ್ಲ.

ಹಾಗಾಗಿ ಟ್ಯೂಬಿನ ಬ್ರ್ಯಾಂಡ್ ಹೆಸರು ಬಿಡಿ, ಕೆಳಗಿನ ಸಣ್ಣ ಅಕ್ಷರ ಓದಿ. ಕ್ಲೊಬೆಟಾಸಾಲ್ ಅಂತಲೋ, ಬೀಟಾಮೆಥಾಸೋನ್, ಮೊಮೆಟಾಸೋನ್ ಥರ ಕೊನೆಗೆ "ಸೋನ್" ಬರುವ ಹೆಸರೋ ಇದ್ದರೆ ಅದು ಸ್ಟೀರಾಯ್ಡ್. ಇಸುಬಿಗೆ, ಸೋರಿಯಾಸಿಸ್‌ಗೆ ಅದು ಒಳ್ಳೆಯ ಔಷಧಿಯೇ. ಹುಳುಕಡ್ಡಿಗೆ ಬೆಂಕಿಗೆ ತುಪ್ಪ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿತು. ಅಂಗಡಿಯಲ್ಲಿ ಚೀಟಿ ಯಾರು ಕೇಳುತ್ತಾರೆ ಅನ್ನುವುದು ನಿಮಗೂ ಗೊತ್ತು.

ಈಗ ನಮ್ಮ ದೇಶದಲ್ಲಿ ಓಡಾಡುತ್ತಿರುವ ಫಂಗಸ್ ಕೂಡ ಹಳೆಯದಲ್ಲ. ಅದಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಹೊಸ ಹೆಸರೇ ಇಟ್ಟರು, ಹೆಸರಲ್ಲೇ ಇಂಡಿಯಾ ಇದೆ. ಮೊದಲು ಎರಡು ವಾರದಲ್ಲಿ ಕೆಲಸ ಮಾಡುತ್ತಿದ್ದ ಟರ್ಬಿನಾಫಿನ್ ಅನ್ನುವ ಫಂಗಸ್ ಔಷಧಿಗೆ ಇದು ಎಷ್ಟೋ ಸಲ ಬಗ್ಗುವುದಿಲ್ಲ. ಭಾವನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದಾಗ ಚರ್ಮವನ್ನು ಸ್ವಲ್ಪ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಫಂಗಸ್ಸಿನ ಎಳೆ ಕಂಡಿತು. ಬೇರೆ ಮಾತ್ರೆ, ಬೇರೆ ಮುಲಾಮು, ಎರಡು ತಿಂಗಳು. ಟ್ಯೂಬು ನಿಲ್ಲಿಸಿದ ಮೊದಲ ವಾರ ತುರಿಕೆ ಜಾಸ್ತಿಯಾಗುತ್ತದೆ ಅಂತ ಡಾಕ್ಟರ್ ಮುಂಚೆಯೇ ಹೇಳಿದ್ದರು. ಇಲ್ಲದಿದ್ದರೆ ಭಾವ ವಾಪಸ್ ಅದೇ ಅಂಗಡಿಗೆ ಓಡುತ್ತಿದ್ದರು. ಉಡುದಾರ ಬಿಚ್ಚಿಸಿದರು. ಒದ್ದೆ ದಾರದಲ್ಲೂ ಫಂಗಸ್ ಕೂರುತ್ತದೆ. ಅದಕ್ಕೆ ಮಾತ್ರ ಅಕ್ಕನ ಅತ್ತೆ ಒಪ್ಪಲು ಒಂದು ವಾರ ಬೇಕಾಯಿತು. ಮುಲಾಮನ್ನು ಕಂಡ ಉಂಗುರಕ್ಕೆ ಮಾತ್ರವಲ್ಲ, ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಬೇಕು. ಟವಲ್ ಬೇರೆ ಬೇರೆ, ಬಟ್ಟೆ ಬಿಸಿಲಲ್ಲಿ ತಿರುಗಿಸಿ ಒಣಗಿಸಬೇಕು. ಕಲೆ ಹೋಯಿತು ಅಂತ ಔಷಧಿ ನಿಲ್ಲಿಸಬಾರದು.

ರಾತ್ರಿ ಮಲಗಿದ ಮೇಲೆ ಜಾಸ್ತಿಯಾದರೆ

ಮನೆಯಲ್ಲಿ ಇಬ್ಬರು ಮೂವರಿಗೆ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ರಾತ್ರಿ ಹೊದ್ದು ಬೆಚ್ಚಗಾದ ಕೂಡಲೇ ತುರಿಕೆ. ಇದು ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಮೊದಲ ಸಲ ಅಂಟಿದಾಗ 2ರಿಂದ 6 ವಾರ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ತುರಿಕೆ ಇಲ್ಲದವರಿಗೂ ಅದೇ ದಿನ ಔಷಧಿ ಹಚ್ಚಬೇಕು. ಶೇಕಡಾ 5ರ ಪರ್ಮೆಥ್ರಿನ್ ಕ್ರೀಮನ್ನು ಕತ್ತಿನಿಂದ ಪಾದದವರೆಗೆ, ಉಗುರಿನ ಕೆಳಗೂ ಬಿಡದೆ ಹಚ್ಚಿ, 8ರಿಂದ 12 ಗಂಟೆ ಬಿಟ್ಟು ಸ್ನಾನ. ವಾರದ ನಂತರ ಮತ್ತೊಮ್ಮೆ. ಕೈಕೂಸು, ಬಸುರಿ ಇದ್ದರೆ ಡಾಕ್ಟರನ್ನು ಕೇಳಿಯೇ ಹಚ್ಚಿ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಒಗೆಯಲಾಗದ ರಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಡಿ. ಹುಳ ಸತ್ತ ಮೇಲೂ ತುರಿಕೆ 2ರಿಂದ 4 ವಾರ ಇರುತ್ತದೆ, ಗಾಬರಿಯಿಂದ ದಿನಾ ಹಚ್ಚಬೇಡಿ.

ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ಇದ್ದರೆ

ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟೇ ಜಾಸ್ತಿ. ಮಳೆ ಬಿದ್ದ ತಿಂಗಳಲ್ಲಿ ಎದೆಯುದ್ದ ಪಾರ್ಥೇನಿಯಂ. ಕಾಂಗ್ರೆಸ್ ಗಿಡ ಅಂದರೆ ಎಲ್ಲರಿಗೂ ಗೊತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಗಿಡ ದೇಶವನ್ನೆಲ್ಲ ತುಂಬಿತು. 1984ರಲ್ಲಿ ಬೆಂಗಳೂರಿನಲ್ಲಿ ಇದನ್ನು ತಿನ್ನಲು ಮೆಕ್ಸಿಕೋದ ಒಂದು ಜೀರುಂಡೆಯನ್ನು ಬಿಟ್ಟರು. ಅದು ಈಗಲೂ ಮಳೆಗಾಲದಲ್ಲಿ ಎಲೆ ಜಾಲರಿ ಮಾಡುತ್ತದೆ, ಪಾಪ, ಗಿಡದ ವೇಗಕ್ಕೆ ಸಾಟಿಯಾಗುವುದಿಲ್ಲ.

ಇದರ ಒಣ ಪುಡಿ ಗಾಳಿಯಲ್ಲಿ ಬಂದು ಕೂತರೂ ಅಲರ್ಜಿ ಇದ್ದವರಿಗೆ ಸಾಕು. ಬಿಸಿಲಿನಿಂದ ಬಂದ ದದ್ದು ಮತ್ತು ಇದನ್ನು ಬೇರೆ ಮಾಡಲು ಕನ್ನಡಿ ಸಾಕು. ಬಿಸಿಲು ತಾಗದ ಜಾಗ ನೋಡಿ: ಕಣ್ಣಿನ ರೆಪ್ಪೆ, ಗಲ್ಲದ ಕೆಳಗೆ, ಕಿವಿಯ ಹಿಂದೆ. ಅಲ್ಲಿ ಬಿಟ್ಟು ಉಳಿದೆಡೆ ಇದ್ದರೆ ಬಿಸಿಲು. ಅಲ್ಲೂ ಇದ್ದರೆ ಗಾಳಿಯಲ್ಲಿ ಬಂದದ್ದು. ಸೇವಂತಿಗೆಯೂ ಇದೇ ಕುಟುಂಬದ ಗಿಡ. ಪಾರ್ಥೇನಿಯಂ ಆಗದ ಕೆಲವರಿಗೆ ಸೇವಂತಿಗೆಯೂ ಆಗುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಮಾರನೆ ದಿನ ಹೆಕ್ಕತ್ತು ತುರಿಸಿದರೆ, ಮುಡಿದ ಹೂವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಿಡ ಕೀಳುವುದಾದರೆ ಹೂ ಬಿಡುವ ಮುಂಚೆ, ತುಂಬು ತೋಳು ಮತ್ತು ಗ್ಲೌಸ್ ಹಾಕಿ. ಅಲರ್ಜಿ ಇದ್ದವರು ಕೀಳಲೇಬೇಡಿ.

ಬೆಳಿಗ್ಗೆ ಎದ್ದಾಗ ಗೆರೆ ಎಳೆದ ಹಾಗೆ ಸುಟ್ಟಿದ್ದರೆ

ಮಳೆಗಾಲದಲ್ಲಿ, ಗದ್ದೆ ಬಯಲಿನ ಊರುಗಳಲ್ಲಿ ಇದು ಮಾಮೂಲು. ಕಿತ್ತಳೆ ಕಪ್ಪು ಪಟ್ಟೆಯ, ಇರುವೆಗಿಂತ ಸ್ವಲ್ಪ ಉದ್ದದ ಹುಳು ಟ್ಯೂಬ್‌ಲೈಟಿಗೆ ಬರುತ್ತದೆ. ಅದು ಕಚ್ಚುವುದಿಲ್ಲ. ನಿದ್ದೆಯಲ್ಲಿ ಹೊಸಕಿದರೆ ಒಳಗಿನ ರಸ ಚರ್ಮವನ್ನು ಸುಡುತ್ತದೆ. ಗಾಯ ಒಂದೆರಡು ದಿನ ಬಿಟ್ಟು ಕಾಣುವುದರಿಂದ ಹುಳು ಯಾರಿಗೂ ನೆನಪಿರುವುದಿಲ್ಲ. ಎಲ್ಲರೂ "ಸರ್ಪಸುತ್ತು" ಅಂದುಬಿಡುತ್ತಾರೆ. ಸರ್ಪಸುತ್ತಿನಲ್ಲಿ ಮೊದಲು ನೋವು, ಆಮೇಲೆ ಗುಳ್ಳೆ, ಅದೂ ಮೈಯ ಒಂದೇ ಬದಿಯಲ್ಲಿ ಗೊಂಚಲಾಗಿ. ಅದಾಗಿದ್ದರೆ ಕೆಮ್ಮಣ್ಣು ಬಳಿಯುತ್ತಾ ಕೂರಬೇಡಿ. ವೈರಸ್ ಮಾತ್ರೆ 72 ಗಂಟೆಯ ಒಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹುಳುವಿನದಾದರೆ ಸೋಪು ನೀರಲ್ಲಿ ತೊಳೆಯಿರಿ. ಮೈಮೇಲೆ ಹುಳು ಕಂಡರೆ ಊದಿ ಹಾರಿಸಿ, ಹೊಡೆಯಬೇಡಿ.

ಎದ್ದು ಒಂದು ದಿನದೊಳಗೆ ಜಾಗ ಬದಲಾಯಿಸಿ ಮಾಯವಾಗುವ ಉಬ್ಬುಗಳು ಗಂಧೆ. ಸೆಟ್ರಿಜಿನ್ ಮಾತ್ರೆಗೆ ಸಾಮಾನ್ಯವಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಬೆನ್ನು, ಕತ್ತಿನ ಸಣ್ಣ ಗುಳ್ಳೆ ಬೆವರುಸಾಲೆ, ತೆಳು ಹತ್ತಿ ಬಟ್ಟೆ ಮತ್ತು ತಣ್ಣೀರು ಸಾಕು.

ಮನೆಯಲ್ಲಿ ಪತ್ತೆ ಮಾಡುವುದನ್ನು ಇಲ್ಲಿಗೆ ನಿಲ್ಲಿಸಿ

ತುಟಿ, ನಾಲಿಗೆ ಊದಿ ಉಸಿರಿಗೆ ತೊಂದರೆ ಆದರೆ 108ಕ್ಕೆ ಫೋನ್ ಮಾಡಿ. ಹೊಸ ಮಾತ್ರೆ ತೆಗೆದುಕೊಂಡ ಮೇಲೆ ಜ್ವರ, ಬಾಯಲ್ಲಿ ಹುಣ್ಣು, ಚರ್ಮ ಸುಲಿಯುವುದು ಕಂಡರೆ ಅವತ್ತೇ ಆಸ್ಪತ್ರೆಗೆ. ಸಕ್ಕರೆ ಕಾಯಿಲೆ ಇರುವವರಿಗೆ ಕೀವಾದರೆ ಕಾಯಬೇಡಿ. ಚರ್ಮದ ಮೇಲೆ ಏನೂ ಕಾಣದೆ ಮೈಯೆಲ್ಲ ತುರಿಸಿದರೆ ರಕ್ತ ಪರೀಕ್ಷೆ ಮಾಡಿಸಿ. ಲಿವರ್, ಕಿಡ್ನಿ, ಥೈರಾಯ್ಡ್ ಕಾರಣ ಇರಬಹುದು. ತುರಿಕೆಯೇ ಇಲ್ಲದ, ಮುಟ್ಟಿದರೆ ಸ್ಪರ್ಶ ಗೊತ್ತಾಗದ ಮಾಸಲು ಮಚ್ಚೆ ಇದ್ದರೆ ಕುಷ್ಠ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಚರ್ಮದ ವಿಭಾಗ ಇದೆ. ಹೋಗುವಾಗ ಹಚ್ಚಿದ ಎಲ್ಲ ಟ್ಯೂಬುಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ನಾಚಿಕೆ ಬೇಡ.

ಇನ್ನು ಕ್ಯಾಲೆಂಡರ್ ವಿಷಯ

ಕೀಟೋಕೊನಜೋಲ್ ಶುರು ಮಾಡಿದ ಮೇಲೆ ನನ್ನ ಹೊಟ್ಟು ಇಳಿಯಿತು. ನವೆ ಮಾತ್ರ ಪೂರ್ತಿ ಹೋಗಲಿಲ್ಲ. ಮೂರು ವಾರ ಆರಾಮ, ಆಮೇಲೆ ಕಿವಿಯ ಮೇಲ್ಭಾಗ, ಹಣೆಯ ಅಂಚು ಕೆಂಪಗೆ ಉರಿ. ಒಂದು ಸಲ ರೆಪ್ಪೆಯೂ ಊದಿತು. ನವೆ ಬಂದ ದಿನ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡಲು ಶುರು ಮಾಡಿದೆ. ಚುಕ್ಕೆಗಳೆಲ್ಲ ಮಂಗಳವಾರ. ಹೆಂಡತಿ ಹಾಲಿನ ಲೆಕ್ಕ ಬರೆಯುವಾಗ ನೋಡಿ, "ನೀವು ಡೈ ಹಾಕ್ಕೊಳ್ಳೋದು ಭಾನುವಾರ ಅಲ್ವಾ?" ಅಂದಳು.

ಕಪ್ಪು ಡೈಯಲ್ಲಿ ಪ್ಯಾರಾ ಫೀನಿಲೀನ್ ಡೈಅಮೀನ್ ಅನ್ನುವ ರಾಸಾಯನಿಕ ಇರುತ್ತದೆ. "ಕಪ್ಪು ಮೆಹೆಂದಿ" ಅಂತ ಮಾರುವುದರಲ್ಲೂ ಸಾಮಾನ್ಯವಾಗಿ ಇರುತ್ತದೆ. ನಿಜವಾದ ಮೆಹೆಂದಿ ಸೊಪ್ಪು ಕೆಂಪು ಬಿಟ್ಟು ಕಪ್ಪು ಕೊಡುವುದಿಲ್ಲ. ಈ ಅಲರ್ಜಿ ಹಚ್ಚಿದ ತಕ್ಷಣ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಹಾಗಾಗಿ ಡೈಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ವರ್ಷಗಟ್ಟಲೆ ಹಚ್ಚಿದರೂ ಏನೂ ಆಗದವರಿಗೆ ಒಂದು ದಿನ ಶುರುವಾಗಬಹುದು, ಪ್ರತಿ ಸಲವೂ ಜಾಸ್ತಿಯಾಗುತ್ತಾ ಹೋಗಬಹುದು. ಡಾಕ್ಟರ್ ನನ್ನ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿದರು. 48 ಗಂಟೆ ಬೆನ್ನಿಗೆ ನೀರು ತಾಗಿಸುವ ಹಾಗಿಲ್ಲ. ಪಟ್ಟಿ ತೆಗೆದಾಗ ಡೈಯ ಆ ರಾಸಾಯನಿಕ ಇಟ್ಟ ಜಾಗ ಮಾತ್ರ ಕೆಂಪಗೆ ಉಬ್ಬಿತ್ತು.

ಡೈ ಬಿಟ್ಟೆ. ಹದಿನೈದು ದಿನಕ್ಕೊಮ್ಮೆ ಶಾಂಪೂ ನಡೆದಿದೆ. ಮೊನ್ನೆ ಊರಿಗೆ ಹೋದಾಗ ಅಮ್ಮ ನನ್ನ ನರೆತ ತಲೆ ಸವರಿ, ನವೆ ಹೇಗಿದೆ ಅಂತ ಕೇಳಿದರು. ನಿಂತಿದೆ ಅಂದೆ. "ನೋಡ್ದಾ, ಹರಳೆಣ್ಣೆ ಹಾಕ್ಕೊ ಅಂದ್ರೆ ಕೇಳ್ತಿರಲಿಲ್ಲ" ಅಂತ ಒಳಗೆ ಹೋಗಿ ಇನ್ನೊಂದು ಬಾಟಲಿ ತುಂಬಿಸಿ ಕೊಟ್ಟರು.